ಕಂಪ್ಯೂಟರ್ ಜಟ್ಟಿಗೆ ಮಣ್ಣು ಮುಕ್ಕಿಸುವ ಹನ್ನೆರಡು ಸೂತ್ರಗಳು

ಕೊಯಮತ್ತೂರು ಜಿಲ್ಲೆಯ ಸಿರುಮುಗೈಯಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರಿದ್ದಾರೆ. ಅಲ್ಲಿ ಜಕಾರ್ಡ್ ಮಗ್ಗದ ನೆತ್ತಿಯ ಮೇಲೆ ರಟ್ಟಿನ ಕಾರ್ಡುಗಳ ಸರಪಳಿ ತಿರುಗುತ್ತಿರುತ್ತದೆ. ಕಾರ್ಡಿನಲ್ಲಿ ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಸೀರೆಯ ಮೇಲೆ ನವಿಲೇ ಕುಣಿದರೂ ಮಗ್ಗಕ್ಕೆ ನವಿಲಿನ ಸುದ್ದಿ ಗೊತ್ತಿಲ್ಲ. ಫೈಟಿಂಗ್ ಗೇಮ್‌ನಲ್ಲಿ ನಿಮ್ಮೆದುರು ನಿಲ್ಲುವ ಕಂಪ್ಯೂಟರ್ ಜಟ್ಟಿಯ ಕಥೆಯೂ ಇಷ್ಟೇ. ಇಂಥದ್ದಾದರೆ ಇಂಥದ್ದು ಮಾಡು ಎಂದು ಯಾರೋ ಮೊದಲೇ ಬರೆದಿಟ್ಟಿರುತ್ತಾರೆ, ಅದು ಮಾಡುತ್ತದೆ.

ಕೊಯಮತ್ತೂರಿನ ಮಾಲ್‌ನ ಗೇಮ್ ಝೋನ್ ಇರಲಿ, ತಿರುಪ್ಪೂರಿನ ಬನಿಯನ್ ಕಂಪನಿ ಹುಡುಗರ ರೂಮಿನ ಮೊಬೈಲ್ ಇರಲಿ, ಸೋತವರ ದೂರು ಒಂದೇ: ‘ಕಂಪ್ಯೂಟರ್ ಮೋಸ ಮಾಡ್ತದೆ!’ ಮೋಸ ಮಾಡುವುದೂ ಉಂಟು, ಸುಳ್ಳಲ್ಲ. ಆದರೆ ಅದಕ್ಕೆ ಕೈಚಳಕವಿದೆಯೇ ಹೊರತು ನಿಮ್ಮ ಮೇಲೆ ಅನುಮಾನವಿಲ್ಲ. ಒಮ್ಮೆ ಬಿದ್ದ ಗುಂಡಿಗೆ ಹತ್ತನೇ ಸಲವೂ ಬೀಳುತ್ತದೆ. ಆ ಗುಂಡಿ ಎಲ್ಲಿದೆ ಎಂದು ಹುಡುಕುವುದೇ ಗೆಲುವಿನ ದಾರಿ.

1. ಮೊದಲ ರೌಂಡ್ ನೋಡುವುದಕ್ಕೆ ಇಟ್ಟುಕೊಳ್ಳಿ

ಸಾಮಾನ್ಯವಾಗಿ ಮೂರು ರೌಂಡಿನಲ್ಲಿ ಎರಡು ಗೆದ್ದರೆ ಸಾಕು. ಅಂದರೆ ಒಂದು ರೌಂಡ್ ನಿಮ್ಮ ಕೈಲಿ ಮಿಕ್ಕಿದೆ. ಅದರಲ್ಲಿ ಬ್ಲಾಕ್ ಮಾಡುತ್ತಾ ನಾಲ್ಕೇ ಪ್ರಶ್ನೆ ಕೇಳಿ. ದೂರ ನಿಂತರೆ ಏನು ಮಾಡುತ್ತದೆ? ಹತ್ತಿರ ಹೋದರೆ? ಹಾರಿದರೆ? ಕೂತರೆ? ಒಂದು ಪ್ರಶ್ನೆಗೆ ಎರಡು ಸಲ ಒಂದೇ ಉತ್ತರ ಬಂದರೆ ಮೂರನೇ ಸಲವೂ ಬಹುಪಾಲು ಅದೇ ಬರುತ್ತದೆ. ಆ ಉತ್ತರ ನಿಮ್ಮ ಬಂಡವಾಳ. ಗಾಬರಿಯಲ್ಲಿ ಎಲ್ಲ ಬಟನ್ ಕುಟ್ಟುವವರಿಗೆ ಇದು ದಕ್ಕುವುದೇ ಇಲ್ಲ, ಯಾಕೆಂದರೆ ಯಾವುದಕ್ಕೆ ಯಾವ ಉತ್ತರ ಬಂತು ಎಂದು ಅವರಿಗೇ ತಿಳಿದಿರುವುದಿಲ್ಲ.

2. ವೇಗದಲ್ಲಿ ಪೈಪೋಟಿಗೆ ಇಳಿಯಬೇಡಿ

ಈ ಆಟಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಓಡುತ್ತವೆ. ಕಣ್ಣು ನೋಡಿ, ಬೆರಳು ಒತ್ತಲು ಮನುಷ್ಯರಿಗೆ ಸುಮಾರು 12ರಿಂದ 15 ಫ್ರೇಮ್ ಬೇಕು. ಕಂಪ್ಯೂಟರ್‌ಗೆ ನೋಡುವ ಕೆಲಸವೇ ಇಲ್ಲ. ನೀವು ಬಟನ್ ಒತ್ತಿದ ಸುದ್ದಿ ಅದೇ ಪ್ರೋಗ್ರಾಂ ಒಳಗೆ ಇರುತ್ತದೆ, ಮುಂದಿನ ಫ್ರೇಮ್‌ನಲ್ಲೇ ಉತ್ತರ ಕೊಡಬಲ್ಲದು. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಗೈಲ್‌ನ ಸೋನಿಕ್ ಬೂಮ್ ಎಸೆತ ಬರಬೇಕಾದರೆ ನೀವು ಜಾಯ್‌ಸ್ಟಿಕ್ಕನ್ನು ಸುಮಾರು ಒಂದು ಸೆಕೆಂಡ್ ಹಿಂದಕ್ಕೆ ಹಿಡಿದಿರಬೇಕು. ಕಂಪ್ಯೂಟರ್ ಆಡಿಸುವ ಗೈಲ್ ಮುಂದಕ್ಕೆ ನಡೆಯುತ್ತಲೇ ಅದನ್ನು ಎಸೆಯುತ್ತಾನೆ. ಆದ್ದರಿಂದ ಯಾರು ಬೇಗ ಎಂಬ ಪಂದ್ಯ ಕಟ್ಟಬೇಡಿ, ಅಲ್ಲಿ ಸೋಲು ಖಚಿತ. ಜತೆಗೆ ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿಕೊಳ್ಳಿ. ಪರದೆ ತಡವಾಗಿ ತೋರಿಸಿದರೆ ನಷ್ಟ ನಿಮಗೆ ಮಾತ್ರ, ಅದಕ್ಕಲ್ಲ.

3. ಅದು ಹೊಡೆದು ಮುಗಿಸಿದ ಮೇಲೆ ಹೊಡೆಯಿರಿ

ಪ್ರತಿ ಹೊಡೆತಕ್ಕೂ ಮೂರು ಭಾಗ: ಕೈ ಎತ್ತುವುದು, ಏಟು ತಗಲುವುದು, ಕೈ ಹಿಂದಕ್ಕೆಳೆದುಕೊಳ್ಳುವುದು. ಮೂರನೇ ಭಾಗದಲ್ಲಿ ಬ್ಲಾಕ್ ಮಾಡಲು ಸಾಮಾನ್ಯವಾಗಿ ಯಾರಿಗೂ ಆಗುವುದಿಲ್ಲ, ಕಂಪ್ಯೂಟರ್‌ಗೂ ಆಗುವುದಿಲ್ಲ. ನಿಮ್ಮ ಬಟನ್ ಸುದ್ದಿ ತಿಳಿದರೂ ಅದರ ಕೈಕಾಲು ಆ ಹೊತ್ತಿಗೆ ಅದರ ಮಾತು ಕೇಳವು. ಸ್ಟ್ರೀಟ್ ಫೈಟರ್ ಆಟದ ಕೆನ್ ಮೇಲಕ್ಕೆ ಗುದ್ದುತ್ತಾ ಹಾರುವ ಶೋರ್ಯೂಕೆನ್ ಗುರಿ ತಪ್ಪಿದರೆ, ಅವನು ನೆಲಕ್ಕೆ ಬರುವತನಕ ನಿಮಗೆ ಧಾರಾಳ ಸಮಯ. ಅಲ್ಲಿ ಹತ್ತು ಏಟಿನ ಕಾಂಬೋ ಪ್ರಯತ್ನಿಸಿ ನಡುವೆ ಕೈಬಿಡುವುದಕ್ಕಿಂತ, ಕಣ್ಣು ಮುಚ್ಚಿದರೂ ತಪ್ಪದ ಮೂರು ಏಟಿನ ಕಾಂಬೋ ಮೇಲು. ಅಂಥ ಒಂದನ್ನು ಪ್ರಾಕ್ಟೀಸ್ ಮೋಡ್‌ನಲ್ಲಿ ಕೈಗೆ ಹತ್ತಿಸಿಕೊಳ್ಳಿ.

4. ಎರೆ ಹಾಕಿ, ಕಾಯಿರಿ

ಗುರಿ ತಪ್ಪಿಸುವುದು ಹೇಗೆ? ಆಸೆ ತೋರಿಸಿ. ಅದೇ ಆಟದಲ್ಲಿ ರ್‍ಯೂ ಆಗಿ ಆಡುತ್ತಿದ್ದರೆ ಅರ್ಧ ಪರದೆ ದೂರದಿಂದ ಹಡೋಕೆನ್ ಎಂಬ ಶಕ್ತಿಯುಂಡೆ ಬಿಡಿ. ಕಂಪ್ಯೂಟರ್ ಅದರ ಮೇಲಿಂದ ಹಾರಿ ಬಂದರೆ ನಿಮ್ಮ ಶೋರ್ಯೂಕೆನ್ ಅಲ್ಲಿ ಕಾಯುತ್ತಿರಲಿ. ತೀರಾ ಹತ್ತಿರದಿಂದ ಎಸೆದರೆ ಅದರ ಕಾಲೇ ಮೊದಲು ನಿಮ್ಮ ತಲೆಗೆ ತಗಲುತ್ತದೆ. ದೂರವನ್ನು ಒಂದೆರಡು ಸಲ ಅಳೆದುಕೊಳ್ಳಿ. ಹಾರದೆ ಬ್ಲಾಕ್ ಮಾಡಿತೋ, ಅದೂ ಲಾಭವೇ. ಬ್ಲಾಕಿನ ಮೇಲೂ ಚೂರು ಶಕ್ತಿ ಕರಗುತ್ತದೆ. ಹಾರಿದವರನ್ನು ಗುದ್ದಿ ಬೀಳಿಸುವ ಚಟ ಎದುರಾಳಿಗೆ ಇದ್ದರೆ ಉಲ್ಟಾ ಮಾಡಿ. ಅದರ ಕೈಗೆ ಎಟುಕದಷ್ಟು ದೂರದಲ್ಲಿ ನಿಂತಲ್ಲೇ ನೇರ ಮೇಲಕ್ಕೆ ಹಾರಿ. ಅದು ಗಾಳಿಗೆ ಗುದ್ದುತ್ತದೆ. ನೀವು ಇಳಿದು ಮೂರನೇ ಸೂತ್ರ ನೆನಪಿಸಿಕೊಳ್ಳಿ.

5. ಹಿಂದೆ ಸರಿದು ಮೈಮೇಲೆ ಕರೆದುಕೊಳ್ಳಿ

ನೀವು ಹಿಂದೆ ಹೋದರೆ ಮುಂದೆ ಬರಬೇಕು ಎಂಬುದು ಅನೇಕ ಹಳೆಯ ಆಟಗಳಲ್ಲಿ ಕಂಪ್ಯೂಟರ್‌ಗೆ ಹಾಕಿಕೊಟ್ಟ ಪಾಠ. 1992ರ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ನಾಲ್ಕು ತೋಳಿನ ಗೋರೋ ಎದುರು ಎದೆಗೊಟ್ಟು ನಿಂತವರು ಉಳಿಯುವುದಿಲ್ಲ. ಹಿಂದಕ್ಕೆ ಹಾರಿ, ಅವನು ಅಟ್ಟಿಸಿಕೊಂಡು ಬರುವಾಗ ಮುಂದಕ್ಕೆ ಹಾರಿ ಒದೆಯುವವರು ಉಳಿಯುತ್ತಾರೆ. ಒದ್ದ ಮೇಲೆ ಇನ್ನೊಂದು ಏಟಿಗೆ ಆಸೆಪಡದೆ ಮತ್ತೆ ಹಿಂದಕ್ಕೆ. ಸಾಮಾನ್ಯ ಎದುರಾಳಿಯಾದರೆ ಹಿಂದೆ ಸರಿದು ಕೂತುಬಿಡಿ, ಅದು ಒಳಗೆ ಕಾಲಿಟ್ಟ ತಕ್ಷಣ ಅಪ್ಪರ್‌ಕಟ್ ಕೊಡಿ. ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಒಂದೇ ಏಟಿಗೆ ಬಹಳ ಶಕ್ತಿ ಕೀಳುವ ಹೊಡೆತ ಅದು. ಹಿಮ್ಮೆಟ್ಟಿದೆ ಎಂಬ ನಾಚಿಕೆ ಬೇಡ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಂಬಕ್ಕಿಂತ ಬೀಳದಿರುವುದು ಒಳ್ಳೆಯದು.

6. ಮೇಲೆ, ಕೆಳಗೆ, ಎತ್ತಿ ಹಾಕು

ಬ್ಲಾಕ್ ಎಂಬುದು ಎಲ್ಲ ಕಡೆಯ ಕೋಟೆಯಲ್ಲ. ಟೆಕ್ಕನ್‌ನಲ್ಲಿ ನಿಂತು ಬ್ಲಾಕ್ ಮಾಡಿದವರಿಗೆ ಕಾಲಿನ ಏಟು ಬೀಳುತ್ತದೆ, ಕೂತು ಬ್ಲಾಕ್ ಮಾಡಿದವರಿಗೆ ನಡುಮಟ್ಟದ ಏಟು ಬೀಳುತ್ತದೆ. 1997ರಲ್ಲಿ ಆರ್ಕೇಡ್‌ಗೂ 1998ರಲ್ಲಿ ಪ್ಲೇಸ್ಟೇಷನ್‌ಗೂ ಬಂದ ಟೆಕ್ಕನ್ 3ರಲ್ಲಿ ಎಡ್ಡಿ ಗೋರ್ಡೋನನ್ನು ಹಿಡಿದು ಬರೀ ಕಿಕ್ ಒತ್ತಿದವರೂ ಸುಲಭ ಲೆವೆಲ್‌ಗಳನ್ನು ದಾಟಿಬಿಡುತ್ತಿದ್ದರು. ಅವನ ಕಪೊಯೇರಾ ಶೈಲಿಯ ಒದೆತಗಳು ಒಮ್ಮೆ ತಲೆಗೆ, ಒಮ್ಮೆ ಕಾಲಿಗೆ ಬರುತ್ತವೆ ಎಂಬುದೇ ಗುಟ್ಟು. ನೀವು ಅದನ್ನೇ ಬೇಕೆಂದು ಮಾಡಿ: ಎರಡು ನಡುಮಟ್ಟದ ಏಟು, ಒಂದು ಕಾಲಿಗೆ. ಎದುರಾಳಿ ಬ್ಲಾಕಿನಲ್ಲೇ ಹೆಪ್ಪುಗಟ್ಟಿ ನಿಂತರೆ ಹತ್ತಿರ ಹೋಗಿ ಥ್ರೋ ಮಾಡಿ. ಬ್ಲಾಕಿಗೆ ಮದ್ದು ಥ್ರೋ. ಕಠಿಣ ಲೆವೆಲ್‌ನಲ್ಲಿ ಕಂಪ್ಯೂಟರ್ ಥ್ರೋ ಬಿಡಿಸಿಕೊಳ್ಳತೊಡಗಿದರೆ ಆ ದಾರಿ ಬಿಟ್ಟು ಬೇರೆಯದು ಹಿಡಿಯಿರಿ.

7. ಬಿದ್ದವನು ಏಳುವ ಹೊತ್ತನ್ನು ಬಿಡಬೇಡಿ

ನೆಲಕ್ಕೆ ಬಿದ್ದ ಎದುರಾಳಿ ಯಾವ ಕ್ಷಣ ಏಳುತ್ತಾನೆ ಎಂಬುದು ನಿಮಗೆ ಗೊತ್ತಿರುವ ಸಂಗತಿ. ಹಳೆಯ ಆಟಗಳಲ್ಲಂತೂ ಏಳುವ ಸಮಯ ಹೆಚ್ಚು ಬದಲಾಗುವುದಿಲ್ಲ. ಮೊದಲ ಸಲ ಬೀಳಿಸಿದಾಗ ಪಕ್ಕದಲ್ಲಿ ಬ್ಲಾಕ್ ಹಿಡಿದು ನಿಲ್ಲಿ, ಅಷ್ಟೇ. ಎದ್ದ ಕೂಡಲೇ ಅದು ಗುದ್ದುತ್ತಾ ಹಾರಿತೋ? ಹಾಗಾದರೆ ಮುಂದಿನ ಸಲವೂ ಬ್ಲಾಕ್ ಮಾಡಿ, ಅದು ಕೆಳಗಿಳಿಯುವಾಗ ಬಾರಿಸಿ. ಸುಮ್ಮನೆ ಎದ್ದು ನಿಂತಿತೋ? ಮುಂದಿನ ಸಲ ಅದು ಏಳುವ ಜಾಗದಲ್ಲಿ ನಿಮ್ಮ ಏಟು ಮೊದಲೇ ಹಾಜರಿರಲಿ.

8. ಮೂಲೆಯೂ ಗಡಿಯಾರವೂ ನಿಮ್ಮ ಕಡೆ

ಮೂಲೆಗೆ ತಳ್ಳಿದರೆ ಎದುರಾಳಿಗೆ ಹಿಂದೆ ಜಾಗವಿಲ್ಲ. ಆಗ ಅದು ಮಾಡುವ ಸಾಮಾನ್ಯ ಕೆಲಸ ನಿಮ್ಮ ತಲೆಯ ಮೇಲಿಂದ ಹಾರುವುದು. ಅದಕ್ಕಾಗಿಯೇ ಒಂದು ಹೆಜ್ಜೆ ಹಿಂದೆ ನಿಂತು ಕಾಯಿರಿ. ಆದರೆ ಆಟ ಯಾವುದು ನೋಡಿಕೊಳ್ಳಿ. ಟೆಕ್ಕನ್ 3ರ ಅಖಾಡಕ್ಕೆ ಕೊನೆಯೇ ಇಲ್ಲ, ಎಷ್ಟು ತಳ್ಳಿದರೂ ಮೂಲೆ ಸಿಗದು. ಆ ಸರಣಿಗೆ ಗೋಡೆ ಬಂದದ್ದು 2001ರ ಟೆಕ್ಕನ್ 4ರಲ್ಲಿ. ಇನ್ನು ಗಡಿಯಾರ: ಸಮಯ ಮುಗಿದಾಗ ಶಕ್ತಿ ಹೆಚ್ಚು ಉಳಿದವರಿಗೇ ರೌಂಡ್. ನೀವು ಮುಂದಿದ್ದರೆ ಹೊಡೆಯಲೇಬೇಕೆಂಬ ಹಂಗಿಲ್ಲ. ಹಿಂದೆ ಬಿದ್ದ ಮನುಷ್ಯ ಚಡಪಡಿಸಿ ಆಟ ಬದಲಿಸುತ್ತಾನೆ. ಹಳೆಯ ಕಂಪ್ಯೂಟರ್ ಎದುರಾಳಿಗಳಲ್ಲಿ ಆ ಚಡಪಡಿಕೆ ಕಾಣುವುದು ಕಡಿಮೆ.

9. ಗುಂಪು ಬಂದರೆ ಗೆರೆ ಬದಲಿಸಿ

ಕ್ಯಾಪ್ಕಾಮ್ ಕಂಪನಿಯ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ನಮ್ಮ ಕಡೆ ‘ಮುಸ್ತಫಾ ಗೇಮ್’ ಎಂದೇ ಪ್ರಸಿದ್ಧ. ಅದು ಒಬ್ಬರ ಮೇಲೊಬ್ಬರ ಕಾಳಗವಲ್ಲ, ಬೀದಿಯುದ್ದ ಗುಂಪಿನ ಜತೆ ಗುದ್ದಾಟ. ಇಲ್ಲಿ ಪುಂಡರು ನಿಮ್ಮನ್ನು ಹೊಡೆಯಬೇಕಾದರೆ ಸರಿಸುಮಾರು ನೀವು ನಿಂತ ಅಡ್ಡಗೆರೆಗೇ ಬರಬೇಕು. ಅವರು ಗೆರೆಗೆ ಬರುವಷ್ಟರಲ್ಲಿ ನೀವು ಮೇಲಕ್ಕೋ ಕೆಳಕ್ಕೋ ಸರಿದು, ಓರೆಯಾಗಿ ನುಗ್ಗಿ ಹೊಡೆಯಿರಿ. ಇಬ್ಬರ ನಡುವೆ ಎಂದೂ ನಿಲ್ಲಬೇಡಿ. ಒಂದು ಸುತ್ತು ಹಾಕಿದರೆ ಎಲ್ಲರೂ ಒಂದೇ ಕಡೆ ಸೇರುತ್ತಾರೆ, ಅದರಲ್ಲಿ ನೀವು ಆಡಿಸಬಹುದಾದ ಮುಸ್ತಫಾ ಓಡಿಬಂದು ಹಾರಿ ಒದೆಯುವ ಒದೆತಕ್ಕೆ ಸಾಲಾಗಿ ಉರುಳುತ್ತಾರೆ.

10. ಬಾಸ್‌ನ ಜಂಬವೇ ನಿಮ್ಮ ಬಾಗಿಲು

ಕೊನೆಯ ಬಾಸ್‌ಗೆ ಬಲ ಹೆಚ್ಚು, ನಿಯಮ ಕಡಿಮೆ. 1994ರ ಕಿಂಗ್ ಆಫ್ ಫೈಟರ್ಸ್‌ನ ರುಗಾಲ್ ತನ್ನ ಜೆನೊಸೈಡ್ ಕಟರ್ ಒದೆತದಿಂದ ಹಾರಿಬಂದವರನ್ನು ಚಿಂದಿ ಮಾಡುತ್ತಾನೆ. ಅವನ ಮುಂದೆ ಹಾರುವುದನ್ನು ಕಡಿಮೆ ಮಾಡಿದರೆ ಅರ್ಧ ಪ್ರಾಣ ಉಳಿಯಿತು. ಮಾರ್ಟಲ್ ಕಾಂಬ್ಯಾಟ್ 2ರ ಶಾವೋ ಕಾನ್ ಇನ್ನೊಂದು ಬಗೆ. ಕಾಳಗದ ನಡುವೆಯೇ ನಿಂತು ಕೈತೋರಿಸಿ ನಿಮ್ಮನ್ನು ಹೀಯಾಳಿಸುತ್ತಾನೆ, ನಗುತ್ತಾನೆ. ಆಗ ಅವನು ಬ್ಲಾಕ್ ಮಾಡುತ್ತಿರುವುದಿಲ್ಲ. ಆ ನಗು ಕೇಳಿ ಸಿಟ್ಟಾಗಬೇಡಿ, ಹೋಗಿ ಒಂದು ಬಿಗಿಯಾಗಿ ಕೊಟ್ಟು ಬನ್ನಿ. ಬಾಸ್ ಕಾಳಗದಲ್ಲಿ ಲೆಕ್ಕ ಸರಳ: ಒಂದು ಬಾಗಿಲಿಗೆ ಒಂದೇ ಏಟು. ಎರಡನೆಯದಕ್ಕೆ ಬಾಯಿಬಿಟ್ಟವರೇ ನೆಲ ಕಚ್ಚುವುದು.

11. ಒಂದು ಜಟ್ಟಿಯನ್ನು ನೀವೇ ಬರೆಯಿರಿ

ಪಿ.ಎಸ್.ಜಿ. ಟೆಕ್, ಸಿ.ಐ.ಟಿ., ಎಟ್ಟಿಮಡೈಯ ಅಮೃತಾ ಹೀಗೆ ಕೊಯಮತ್ತೂರಿನ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಓದುವವರಿಗೆ ಈ ಸೂತ್ರ. ಜಪಾನಿನ ರಿತ್ಸುಮೈಕನ್ ವಿಶ್ವವಿದ್ಯಾಲಯದವರು ಫೈಟಿಂಗ್‌ಐಸ್ ಎಂಬ ಆಟವನ್ನು ಕಟ್ಟಿ, 2013ರಿಂದ ಕಂಪ್ಯೂಟರ್ ಜಟ್ಟಿಗಳ ನಡುವೆಯೇ ಸ್ಪರ್ಧೆ ನಡೆಸಿದರು. ಅಲ್ಲಿನ ಒಂದು ನಿಯಮ ನೋಡಿ: ಜಟ್ಟಿಗೆ ಆಟದ ಸ್ಥಿತಿ 15 ಫ್ರೇಮ್ ತಡವಾಗಿಯೇ ತಿಳಿಯುತ್ತದೆ, ಮನುಷ್ಯರಿಗೆ ಆಗುವಷ್ಟೇ ತಡ. ಎರಡನೇ ಸೂತ್ರದ ಮೋಸಕ್ಕೆ ಅಲ್ಲಿ ಬೀಗ ಬಿತ್ತು. ಜಾವಾ ಬಂದರೆ ಒಂದು ಭಾನುವಾರ ಕೂತು ‘ಎದುರಾಳಿ ಹಾರಿದರೆ ಗುದ್ದು, ದೂರವಿದ್ದರೆ ಎಸೆ’ ಎಂದು ನಾಲ್ಕು ಸಾಲು ಬರೆದು ನೋಡಿ. ಅದನ್ನು ಸೋಲಿಸುವುದು ಎಷ್ಟು ಸುಲಭ ಎಂದು ಕೂಡಲೇ ತಿಳಿಯುತ್ತದೆ. ಮುಂದೆ ಯಾವ ಆಟ ಆಡಿದರೂ ಎದುರಾಳಿಯ ಬೆನ್ನ ಹಿಂದಿನ ಆ ನಾಲ್ಕು ಸಾಲು ಕಾಣಿಸತೊಡಗುತ್ತವೆ.

12. ಮನುಷ್ಯರ ಮುಂದೆ ಅರ್ಧ ಪಾಠ ಮರೆಯಿರಿ

ಹಡೋಕೆನ್ ಬಿಟ್ಟು ಹಾರಿಸಿ ಗುದ್ದುವ ಆಟಕ್ಕೆ ಕಂಪ್ಯೂಟರ್ ದಿನವಿಡೀ ಬೀಳುತ್ತದೆ. ಪಕ್ಕದ ರೂಮಿನ ಗೆಳೆಯ ಎರಡು ಸಲ ಬೀಳುತ್ತಾನೆ, ಮೂರನೇ ಸಲ ಅದೇ ಎರೆಯಿಂದ ನಿಮ್ಮನ್ನು ಹಿಡಿಯುತ್ತಾನೆ. ಆದ್ದರಿಂದ ಯಂತ್ರದ ಎದುರು ಕಲಿತದ್ದನ್ನು ಎರಡು ರಾಶಿ ಮಾಡಿ. ದೂರ ಅಳೆಯುವುದು, ಬ್ಲಾಕ್ ಹಿಡಿಯುವುದು, ಗುರಿ ತಪ್ಪಿದ ಏಟಿಗೆ ಲೆಕ್ಕ ಚುಕ್ತಾ ಮಾಡುವುದು ಎಲ್ಲರ ಮುಂದೂ ನಡೆಯುತ್ತವೆ, ಇಟ್ಟುಕೊಳ್ಳಿ. ಒಂದೇ ಎರೆಯನ್ನು ಮತ್ತೆ ಮತ್ತೆ ಹಾಕುವ ಚಟವನ್ನು ಬಿಟ್ಟುಬಿಡಿ. 2024ರ ಜನವರಿಯಲ್ಲಿ ಬಂದ ಟೆಕ್ಕನ್ 8ರಲ್ಲಿ ನಿಮ್ಮ ಆಟ ನೋಡಿ ಕಲಿಯುವ ‘ಘೋಸ್ಟ್’ ಇದೆ. ಅದರ ಜತೆ ಆಡಿದರೆ ನಿಮ್ಮದೇ ಚಟಗಳು ನಿಮ್ಮೆದುರು ಬಂದು ನಿಲ್ಲುತ್ತವೆ. ಯಾವ ಹೊತ್ತಿಗೆ ಹಾರುತ್ತೀರಿ, ಎದ್ದ ಕೂಡಲೇ ಯಾವ ಬಟನ್ ಒತ್ತುತ್ತೀರಿ ಎಲ್ಲವೂ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಒಂದು ವಾರ ಮಾಡದೆ ಆಡಿ. ಕಂಪ್ಯೂಟರ್ ಸುಲಭವಾಯಿತು ಎನ್ನಿಸಿದ ದಿನವೇ ಲೆವೆಲ್ ಒಂದು ಮೆಟ್ಟಿಲು ಏರಿಸಿ. ಎಲ್ಲ ಮೆಟ್ಟಿಲೂ ಮುಗಿದವೋ, ಶನಿವಾರದ ಸಂಬಳವನ್ನು ಯಂತ್ರಕ್ಕೆ ಸುರಿಯುವುದನ್ನು ನಿಲ್ಲಿಸಿ, ಎರಡನೇ ಕಂಟ್ರೋಲರ್ ತಂದು ಗೆಳೆಯನ ಕೈಗೆ ಕೊಡಿ.