ವಿವಾಹ ವಿಚ್ಛೇದನದಲ್ಲಿ ಕಾಯುವ ಕಾಲವೂ ಚಿಕ್ಕ ಮಕ್ಕಳ ಪೋಷಣೆಯೂ

ಗಂಡಹೆಂಡರು ಕೂಡಿ ಬಾಳಲಾರದೆ ಅಗಲಿದಾಗ, ಊರ ಹಿರಿಯರ ಮುಂದೆ ಒಂದು ಕಾಗದಕ್ಕೆ ಸಹಿ ಹಾಕಿದರೆ ವಿವಾಹವು ಮುರಿದುಹೋಯಿತೆಂದು ನಮ್ಮ ಹಳ್ಳಿಗಳಲ್ಲಿ ಅನೇಕರು ತಿಳಿದುಕೊಂಡಿರುತ್ತಾರೆ. ಅದು ಹಾಗಲ್ಲ. ಕ್ರೈಸ್ತರ ವಿವಾಹವನ್ನು ಬಿಡಿಸುವ ಅಧಿಕಾರವು 1869ರ ವಿಚ್ಛೇದನ ಕಾನೂನಿನ ಮೇರೆಗೆ ನ್ಯಾಯಸ್ಥಾನಕ್ಕೆ ಮಾತ್ರ ಇರುವದು. ಸಭೆಯ ನ್ಯಾಯಮಂಡಲಿಯ ತೀರ್ಪು ಇದಕ್ಕೆ ಬದಲಾಗಲಾರದೆಂದು ಸುಪ್ರೀಮ್ ಕೋರ್ಟು 1996ರಲ್ಲಿ ಹೇಳಿ, 2017ರಲ್ಲಿ ಅದನ್ನೇ ಪುನಃ ಸ್ಥಿರಪಡಿಸಿತು. ನ್ಯಾಯಸ್ಥಾನಕ್ಕೆ ಹೋದವರಾದರೋ ಕಾಯಬೇಕು. ಎಷ್ಟು ಕಾಲ ಎಂಬದನ್ನೂ, ಆ ಕಾಲದಲ್ಲಿ ಮಕ್ಕಳು ಏನು ಉಣ್ಣಬೇಕು ಎಂಬದನ್ನೂ ಇಲ್ಲಿ ವಿವರಿಸುವೆವು. ಎರಡನೆಯದೇ ನಮಗೆ ಹೆಚ್ಚು ಭಾರವಾಗಿ ತೋರುತ್ತದೆ.

ಇಬ್ಬರೂ ಒಪ್ಪಿ ಬಿಡುಗಡೆ ಕೇಳುವ ದಾರಿಯು ಕ್ರೈಸ್ತರಿಗೆ 2001ರ ತಿದ್ದುಪಡಿಯಿಂದಲೇ ದೊರೆಯಿತು. ಅರ್ಜಿ ಕೊಡುವ ಮುಂಚೆ ಎರಡು ವರ್ಷ ಅಗಲಿ ಬಾಳಿರಬೇಕೆಂದು ಅದರಲ್ಲಿ ಬರೆದದೆ. ಇತರರಿಗೆ ಒಂದೇ ವರ್ಷ ಸಾಕಾಗಿರುವಲ್ಲಿ ಕ್ರೈಸ್ತರಿಗೆ ಎರಡು ಯಾಕೆಂಬ ಪ್ರಶ್ನೆ ಎದ್ದು, ಇದನ್ನು ಒಂದು ವರ್ಷವೆಂದು ಓದತಕ್ಕದ್ದೆಂದು ಕರ್ನಾಟಕದ ಹೈಕೋರ್ಟು 2014ರಲ್ಲಿ ತೀರ್ಪು ಮಾಡಿತು. ಅರ್ಜಿ ಕೊಟ್ಟ ಬಳಿಕ ಆರು ತಿಂಗಳು ಕಳೆಯಬೇಕು. ಹದಿನೆಂಟು ತಿಂಗಳು ಮೀರುವದರೊಳಗೆ ಇಬ್ಬರೂ ತಿರಿಗಿ ಬಂದು ಕೇಳಿಕೊಳ್ಳಬೇಕು. ಮನಸ್ಸು ತಿರುಗಿದರೆ ಈ ನಡುವೆ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು.

ಕೊರಿಯಾ ದೇಶದಲ್ಲಿ 2008ರಿಂದ, ಒಪ್ಪಿಗೆಯ ವಿಚ್ಛೇದನಕ್ಕೆ ಮಕ್ಕಳಿಲ್ಲದವರು ಒಂದು ತಿಂಗಳು, ಚಿಕ್ಕ ಮಕ್ಕಳುಳ್ಳವರು ಮೂರು ತಿಂಗಳು ಕಾಯಬೇಕೆಂದು ನೇಮಿಸಿದ್ದಾರೆ. ನಮ್ಮ ಕಾನೂನಿನಲ್ಲಿ ಅಂಥ ಭೇದವಿಲ್ಲ. ತೊಟ್ಟಿಲಲ್ಲಿ ಕೂಸಿದ್ದರೂ ಮನೆ ಬರಿದಾಗಿದ್ದರೂ ಅವಧಿ ಒಂದೇ. ಹೀಗಿರಲಾಗಿ ಮಗುವಿನ ಸಂಗತಿಯನ್ನು ಬೇರೆಯಾಗಿ ಕೇಳಿಕೊಳ್ಳಬೇಕಾಗಿದೆ. ಕೇಳದೆ ಕೂತರೆ ಕಾಯುವ ತಿಂಗಳುಗಳು ತಾಯಿಗೆ ಸಾಲದ ತಿಂಗಳುಗಳಾಗುವವು.

ಕೇಳುವದಕ್ಕೆ ದಾರಿಯುಂಟು. ವಿಚ್ಛೇದನದ ವ್ಯಾಜ್ಯವು ನಡೆಯುತ್ತಿರುವಾಗಲೇ ಮಕ್ಕಳ ಪೋಷಣೆಗೂ ಓದಿಗೂ ಹಣ ಕೊಡಿಸಬೇಕೆಂದು ಅರ್ಜಿ ಹಾಕಬಹುದು. ಎದುರಾಳಿಗೆ ನೋಟೀಸು ಮುಟ್ಟಿದ ದಿನದಿಂದ 60 ದಿವಸಗಳೊಳಗೆ ಸಾಧ್ಯವಾದ ಮಟ್ಟಿಗೆ ಅದನ್ನು ತೀರ್ಮಾನಿಸಬೇಕೆಂದು 2001ರ ತಿದ್ದುಪಡಿಯೇ ಹೇಳುತ್ತದೆ. ಆದರೆ ಮೂಲ ಕಾನೂನನ್ನು ಬರೆದವರು, ಈ ದೇಶದ ತಂದೆಗೆ ಹುಟ್ಟಿದ ಗಂಡುಮಕ್ಕಳನ್ನು 16 ವರ್ಷ, ಹೆಣ್ಣುಮಕ್ಕಳನ್ನು 13 ವರ್ಷ ತುಂಬುವ ತನಕ ಮಾತ್ರ ಚಿಕ್ಕವರೆಂದು ಎಣಿಸಿದರು. (ಹದಿಮೂರು ತುಂಬಿದ ಹುಡುಗಿಯು ತನ್ನ ಅನ್ನವನ್ನು ತಾನೇ ಗಳಿಸುವಳೆಂದು ನೆನಸಿದರೋ ಏನೋ!) ಹದಿನೆಂಟು ತುಂಬದವರ ಪಾಲನೆಗಾಗಿ 1890ರ ಪಾಲಕರ ಕಾನೂನಿನ ಮೇರೆಗೂ ಬೇಡಿಕೊಳ್ಳಬಹುದು. ಮಗು ಯಾರ ಬಳಿಯಲ್ಲಿ ಇರಬೇಕೆಂಬಲ್ಲಿ ನ್ಯಾಯಾಧಿಪತಿಯು ಮಗುವಿನ ಹಿತವನ್ನೇ ಮೊದಲು ನೋಡುವನು.

ವಿಚ್ಛೇದನದ ಅರ್ಜಿಯನ್ನೇ ಇನ್ನೂ ಕೊಡದೆ ಅಗಲಿರುವ ವರ್ಷದ ಗತಿ ಏನು? ಆಗಲೂ ತಾಯಿಯು ಸುಮ್ಮನಿರಬೇಕಾಗಿಲ್ಲ. ಅನುಕೂಲವಿದ್ದೂ ಮಕ್ಕಳನ್ನು ಸಾಕದ ತಂದೆಯಿಂದ ತಿಂಗಳ ಹಣವನ್ನು ಕೊಡಿಸುವ ಅಧಿಕಾರವು ಮೆಜಿಸ್ಟ್ರೇಟನಿಗೆ, ಕುಟುಂಬ ನ್ಯಾಯಾಲಯವಿರುವ ಕಡೆಯಲ್ಲಿ ಆ ನ್ಯಾಯಾಲಯಕ್ಕೆ, ಉಂಟು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿದ್ದ ಈ ನಿಯಮವು ಈಗ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ. ಇದು ಸಕಲ ಮತಸ್ಥರಿಗೂ ಸಲ್ಲುವದು.

ವಕೀಲನಿಗೆ ಕೊಡಲು ಹಣವಿಲ್ಲವೆಂದು ಹಿಂದೆಗೆಯುವ ಸಹೋದರಿಯರಿಗೆ ಇದನ್ನು ಓದಿ ತಿಳಿಸಿರಿ: 1987ರ ಕಾನೂನಿನ ಮೇರೆಗೆ ಸ್ತ್ರೀಯರಿಗೂ ಮಕ್ಕಳಿಗೂ ಅವರ ಆದಾಯವನ್ನು ನೋಡದೆ ಧರ್ಮಾರ್ಥವಾಗಿ ವಕೀಲನ ಸಹಾಯ ದೊರೆಯುವದು. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳತಕ್ಕದ್ದು. ಹೋಗುವಾಗ ಲಗ್ನದ ಸರ್ಟಿಫಿಕೇಟನ್ನೂ ಮಕ್ಕಳ ಜನನಪತ್ರಗಳನ್ನೂ ಶಾಲೆಯ ಫೀಸಿನ ರಸೀದಿಗಳನ್ನೂ ಸಂಗಡ ಒಯ್ಯುವದು ಒಳ್ಳೇದು.

ತೀರ್ಪು ಕೈಗೆ ಬಂದ ದಿನವೇ ಬೇರೆ ಲಗ್ನ ನಿಶ್ಚಯಿಸುವವರೂ ಉಂಟು. ಅಪೀಲಿನ ಕಾಲವು ಅಪೀಲಿಲ್ಲದೆ ಕಳೆಯಬೇಕು. ಅಪೀಲು ಆಗಿದ್ದರೆ ಅದು ವಜಾ ಆಗಬೇಕು. ಅಲ್ಲಿಯ ವರೆಗೆ ಪುನರ್ವಿವಾಹಕ್ಕೆ ಕಾನೂನು ಅಪ್ಪಣೆ ಕೊಡುವದಿಲ್ಲ.