ಹೂಲಿಯ ಓಮ್ನಿಯ ಟಕ್‌ಟಕ್: ಹಾಫ್ ಇಂಜಿನ್ ಮಾಡಿಸಬೇಕೆ?

ಪ್ರಶ್ನೆ: ನಮ್ಮೂರು ಸವದತ್ತಿ ತಾಲೂಕಿನ ಹೂಲಿ. ಮನ್ಯಾಗ ಒಂದು ಹಳೇ ಮಾರುತಿ ಓಮ್ನಿ ಐತ್ರಿ, ಕಾರ್ಬುರೇಟರಿಂದು. ಈಗೊಂದು ತಿಂಗಳಿಂದ ಗಾಡಿ ಸ್ಲೋ ಇದ್ದಾಗ ಇಂಜಿನ್‌ನಾಗ ಟಕ್ ಟಕ್ ಸಪ್ಪಳ ಬರಾಕತ್ತೈತಿ. ರೇಸ್ ಮಾಡಿದ್ರ ಕಡಿಮಿ ಆಗತೈತಿ. ಪಿಕಪ್ ಬಿದ್ದೈತಿ, ಯಲ್ಲಮ್ಮನ ಗುಡ್ಡ ಏರೂಮುಂದ ಮೊದಲಿನಂಗ ಎಳೆಯೂದಿಲ್ಲ. ಬೈಲಹೊಂಗಲದ ಮಿಸ್ತ್ರಿ ಒಬ್ರು ಕೇಳಿ, ಬೇರಿಂಗ್ ಹೋಗ್ಯಾವ, ಹಾಫ್ ಇಂಜಿನ್ ಮಾಡಬೇಕು ಅಂದ್ರು. ಸವದತ್ತಿಯೊಳಗ ಗ್ಯಾರೇಜ್ ಇಟ್ಟಿರೋ ನಮ್ಮ ಸೋದರಮಾವ, ಅದು ಬರೇ ಟ್ಯಾಪೆಟ್ ಸಪ್ಪಳ, ಓಡಿಸು ಅಂತಾನ. ಆರು ತಿಂಗಳ ಹಿಂದ ಕ್ಯಾಮಿನ ಮುಂದಿನ ಆಯಿಲ್ ಸೀಲು, ಟೈಮಿಂಗ್ ಬೆಲ್ಟು ಹಾಕಿದಾವನೂ ಅವನ. ಭಾರತ ಹುಣ್ಣಿಮಿ ಹತ್ತರ ಬಂತು, ಗುಡ್ಡಕ್ಕ ಮಂದೀನ ಕರಕೊಂಡು ಹೋಗೋದೈತಿ. ಯಾರ ಮಾತು ಕೇಳಲಿ? ಬ್ಯಾರೇ ಕಡೆ ತೋರಿಸಿದ್ರ ಮಾಮಾ ಸಿಟ್ಟಾಗತಾನ.
— ಓದುಗ, ಹೂಲಿ

ಉತ್ತರ: ಸಪ್ಪಳದ ವಿವರವನ್ನು ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನ ಕಣ್ಣು ನಿಂತದ್ದು ನೀವು ಮಾತಿನ ನಡುವೆ ಹೇಳಿ ಮುಂದೆ ಹೋದ ಸಂಗತಿಯ ಮೇಲೆ: ಆರು ತಿಂಗಳ ಹಿಂದೆ ಸೀಲು ಹಾಕಿಸಿದ್ದು. ಕ್ಯಾಮ್‌ಶಾಫ್ಟಿನ ಮುಂದಿನ ಆಯಿಲ್ ಸೀಲು ಇರುವುದು ಕ್ಯಾಮ್ ಪುಲ್ಲಿಯ ಬೆನ್ನಿಗೆ. ಪುಲ್ಲಿ ಬಿಚ್ಚದೆ ಅದು ಕೈಗೆ ಸಿಗುವುದಿಲ್ಲ. ಅಂದರೆ ಪುಲ್ಲಿಯ ನಡುವಿನ ಬೋಲ್ಟಿಗೆ ಅವತ್ತು ಪಾನಾ ಬಿದ್ದಿದೆ. ಸ್ಲೋನಲ್ಲಿ ಟಕ್‌ಟಕ್, ರೇಸಿನಲ್ಲಿ ಕಡಿಮೆ, ಪಿಕಪ್ ಇಲ್ಲ, ಬೋಲ್ಟು ಬಿಚ್ಚಿ ಹಾಕಿದ ಇತಿಹಾಸ ಬೇರೆ. ಇಷ್ಟನ್ನೂ ಸೇರಿಸಿ ನೋಡಿದಾಗ ನನ್ನ ಮೊದಲ ಅನುಮಾನ ಕ್ಯಾಮ್ ಪುಲ್ಲಿ ಸಡಿಲಾಗಿರುವುದರ ಮೇಲೆ. ಪತ್ರ ಓದಿ ಖಾತ್ರಿ ಹೇಳಲು ಬರುವುದಿಲ್ಲ. ಆದರೆ ಹಾಫ್ ಇಂಜಿನ್ನಿಗೆ ಕೈ ಹಾಕುವ ಮೊದಲು ಟೈಮಿಂಗ್ ಕವರ್ ತೆಗೆದು ನೋಡಲೇಬೇಕು. ಅದು ಒಂದು ಮುಂಜಾನೆಯ ಕೆಲಸ.

ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ಸವದತ್ತಿ ನಿಮಗೆ ದೂರವಲ್ಲ, ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ.

ಸಪ್ಪಳ ಏಕೆ ಬರುತ್ತದೆ ಎಂಬುದು ಗೊತ್ತಿದ್ದರೆ ಗ್ಯಾರೇಜಿನಲ್ಲಿ ನಿಂತಾಗ ನಿಮ್ಮನ್ನು ಯಾರೂ ದಿಕ್ಕು ತಪ್ಪಿಸಲಾರರು. ಓಮ್ನಿಯದು ಮಾರುತಿ 800ರ ವಂಶದ್ದೇ ಇಂಜಿನ್: 796 ಸಿಸಿ, ಮೂರು ಸಿಲಿಂಡರ್, ಮೇಲೆ ಒಂದೇ ಕ್ಯಾಮ್‌ಶಾಫ್ಟ್, ಅದನ್ನು ತಿರುಗಿಸಲು ಹಲ್ಲಿನ ಬೆಲ್ಟು. ಕ್ರ್ಯಾಂಕು ಎರಡು ಸುತ್ತು ಹಾಕಿದಾಗ ಕ್ಯಾಮ್ ಒಂದು ಸುತ್ತು. ಆ ಒಂದು ಸುತ್ತಿನಲ್ಲಿ ಆರು ವಾಲ್ವುಗಳನ್ನು ಒತ್ತಬೇಕು. ಒತ್ತುವಾಗ ಸ್ಪ್ರಿಂಗು ಕ್ಯಾಮನ್ನು ಹಿಂದಕ್ಕೆ ತಳ್ಳುತ್ತದೆ. ಕ್ಯಾಮಿನ ಉಬ್ಬು ದಾಟಿದ ಕೂಡಲೇ ಅದೇ ಸ್ಪ್ರಿಂಗು ಮುಂದಕ್ಕೆ ದೂಡುತ್ತದೆ. ಹೀಗೆ ಶಾಫ್ಟಿನ ಮೇಲೆ ಬೀಳುವ ಬಲ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಬೋಲ್ಟು ಬಿಗಿಯಾಗಿದ್ದರೆ ಪುಲ್ಲಿ, ವಾಷರು, ಶಾಫ್ಟು ಒಂದೇ ತುಂಡಿನಂತೆ ಇದನ್ನು ತಡೆದುಕೊಳ್ಳುತ್ತವೆ. ಬಿಗಿ ಹೋದರೆ ಆ ಹೊಡೆತವೆಲ್ಲ ನಡುವಿನ ಸಣ್ಣ ಕೀ ಅಥವಾ ಪಿನ್ನಿನ ಮೇಲೆ. ಕಾವು ಸಡಿಲಾದ ಕೊಡಲಿ ಗೊತ್ತಲ್ಲ, ಪ್ರತಿ ಏಟಿಗೂ ತೂತು ಇನ್ನಷ್ಟು ಅಗಲ. ಇಲ್ಲಿಯೂ ಅಷ್ಟೇ: ಕೀ ಸವೆಯುತ್ತದೆ, ಅದು ಕೂರುವ ಸಂದು ಅಗಲವಾಗುತ್ತದೆ, ಪುಲ್ಲಿ ಒಂದಿಷ್ಟು ಹಿಂದೆಮುಂದೆ ಹೊಯ್ದಾಡುತ್ತದೆ. ಸ್ಲೋನಲ್ಲಿ ಈ ಹೊಯ್ದಾಟ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ರೇಸು ಹೆಚ್ಚಿದಂತೆ ಮರೆಯಾಗುತ್ತದೆ, ಆದರೆ ಸವೆತ ನಿಲ್ಲುವುದಿಲ್ಲ.

ಪಿಕಪ್ ಬಿದ್ದದ್ದಕ್ಕೂ ಇದೇ ಕಾರಣ ಸಾಕು. ಕಾರ್ಬುರೇಟರ್ ಓಮ್ನಿಯಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಅದೇ ಕ್ಯಾಮ್. ಅದು ಹಿಂದೆ ಬಿದ್ದರೆ ವಾಲ್ವಿನ ಟೈಮಿಂಗ್ ಜೊತೆಗೆ ಕಿಡಿಯ ಟೈಮಿಂಗೂ ಹಿಂದೆ ಬೀಳುತ್ತದೆ.

ಇನ್ನು ಬೈಲಹೊಂಗಲದವರ ಮಾತು. ಅವರು ಸುಳ್ಳು ಹೇಳಿದ್ದಾರೆಂದು ನಾನು ಹೇಳುವುದಿಲ್ಲ. ಸಡಿಲಾದ ಕ್ಯಾಮ್ ಪುಲ್ಲಿಯ ಸಪ್ಪಳ ಎಷ್ಟೋ ಸಲ ಬೇರಿಂಗಿನ ಸಪ್ಪಳದಂತೆಯೇ ಕೇಳುತ್ತದೆ, ಪಳಗಿದ ಕಿವಿಯೂ ಮೋಸಹೋಗುತ್ತದೆ. ಬಿಚ್ಚದೆಯೇ ಬೇರ್ಪಡಿಸಲು ಕೆಲವು ದಾರಿಗಳಿವೆ. ಸ್ಲೋನಲ್ಲಿ ಕ್ರ್ಯಾಂಕು ನಿಮಿಷಕ್ಕೆ 900 ಸುತ್ತಾದರೆ ಕ್ಯಾಮ್ ಸುತ್ತುವುದು 450. ಹಾಗಾಗಿ ಕ್ಯಾಮಿನ ಕಡೆಯ ಬಡಿತದ ಲಯವೇ ಬೇರೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಟೈಮಿಂಗ್ ಕವರಿನ ಮೇಲ್ಭಾಗಕ್ಕೆ, ಆಮೇಲೆ ಕೆಳಗೆ ಬ್ಲಾಕಿಗೆ ಇಟ್ಟು ಹಿಡಿಕೆಗೆ ಕಿವಿಗೊಡಿ. ಶರ್ಟಿನ ತೋಳು, ಕೊರಳ ದಾರ ಫ್ಯಾನ್ ಬೆಲ್ಟಿನಿಂದ ದೂರ ಇರಲಿ. ಸಪ್ಪಳ ಮೇಲೆ ಜೋರೋ, ಕೆಳಗೆ ಜೋರೋ? ಬೇರಿಂಗಿನ ಬಡಿತ ಲೋಡ್ ಬಿದ್ದಾಗ ಏರುತ್ತದೆ, ಒಂದು ಪ್ಲಗ್ಗಿನ ವೈರು ತೆಗೆಸಿದಾಗ ಬಹುತೇಕ ಬದಲಾಗುತ್ತದೆ. ಪುಲ್ಲಿಯ ಸಪ್ಪಳ ಅದಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ. (ವೈರು ತೆಗೆಯುವ ಕೆಲಸ ಮಿಸ್ತ್ರಿಯದು, ನಿಮ್ಮದಲ್ಲ. ಹೊಸ ಎಂಪಿಎಫ್‌ಐ ಗಾಡಿಗಳಲ್ಲಿ ಹೀಗೆ ವೈರು ಕೀಳಲೇಬಾರದು.) ಆಯಿಲ್ ಪ್ರೆಶರ್ ಗೇಜ್ ಹಚ್ಚಿ ನೋಡಿಸಿ. ಪ್ರೆಶರ್ ಸರಿಯಿದ್ದು, ಇಳಿಸಿದ ಆಯಿಲಿನಲ್ಲಿ ಮಿನುಗುವ ಲೋಹದ ಚೂರು ಇಲ್ಲವೆಂದರೆ ಹಾಫ್ ಇಂಜಿನ್ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಟೈಮಿಂಗ್ ಲೈಟು ಇರುವ ಗ್ಯಾರೇಜಾದರೆ ಇನ್ನೂ ಒಳ್ಳೆಯದು: ಬೆಳಕಿನಲ್ಲಿ ಗುರುತು ಒಂದೆಡೆ ನಿಲ್ಲದೆ ಕುಣಿಯುತ್ತಿದ್ದರೆ ಕ್ಯಾಮ್ ಕಡೆಯ ಅನುಮಾನ ಗಟ್ಟಿಯಾಗುತ್ತದೆ. ಸವೆದ ಡಿಸ್ಟ್ರಿಬ್ಯೂಟರೂ ಹಾಗೆ ಕುಣಿಸುತ್ತದೆ, ಅದೊಂದನ್ನೇ ನಂಬಬೇಡಿ.

ಟ್ಯಾಪೆಟ್ ಎಂದ ನಿಮ್ಮ ಮಾಮಾನ ಮಾತೂ ತೆಗೆದುಹಾಕುವಂಥದಲ್ಲ. ಫೀಲರ್ ಗೇಜಿನಿಂದ ಟ್ಯಾಪೆಟ್ ಅಳೆದರೆ ಆ ಅನುಮಾನ ತೀರುತ್ತದೆ. ಆದರೆ ಟ್ಯಾಪೆಟ್ ಒಂದಿಷ್ಟು ಸಡಿಲಾದ ಮಾತ್ರಕ್ಕೆ ಗಾಡಿ ಗುಡ್ಡ ಏರಲು ಹೀಗೆ ಏದುಸಿರು ಬಿಡುವುದಿಲ್ಲ.

ಕವರ್ ತೆಗೆಯುವ ಮೊದಲು ಇಂಜಿನ್ ತಣ್ಣಗಾಗಿರಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ. ಕವರ್ ಬಂದ ಕೂಡಲೇ ಏನನ್ನೂ ಒರೆಸಬೇಡಿ. ಬೋಲ್ಟಿನ ತಲೆ, ವಾಷರಿನ ಸುತ್ತ ಟಾರ್ಚ್ ಹಿಡಿದು ನೋಡಿ. ಲೋಹಕ್ಕೆ ಲೋಹ ಉಜ್ಜಿದಲ್ಲಿ ನುಣ್ಣನೆಯ ಕೆಂಗಂದು ಹುಡಿ ಹುಟ್ಟುತ್ತದೆ, ಬೋಲ್ಟಿನ ನಡುವಿನಿಂದ ಹೊರಕ್ಕೆ ಕಿರಣದಂತೆ ಹರಡಿರುತ್ತದೆ. ನಿಮ್ಮ ಗುಡ್ಡದ ಕೆಂಪು ಧೂಳು ಎಲ್ಲೆಡೆ ಒಂದೇ ಸಮ ಕೂತಿರುತ್ತದೆ; ಈ ಹುಡಿ ಹಾಗಲ್ಲ. ಬೆಲ್ಟಿನ ಒಂದೇ ಅಂಚು ನೂಲೆದ್ದಿದ್ದರೆ ಪುಲ್ಲಿ ಓರೆಯಾಗಿ ತಿರುಗುತ್ತಿರಬಹುದು.

ಆಮೇಲೆ ಬಿಳಿ ಬಣ್ಣದಿಂದ ಬೋಲ್ಟಿನ ತಲೆ, ವಾಷರು, ಪುಲ್ಲಿ ಮೂರರ ಮೇಲೂ ಹಾಯುವಂತೆ ಒಂದು ಗೆರೆ ಎಳೆಸಿ. ಒಬ್ಬರು ಕ್ರ್ಯಾಂಕ್ ಬೋಲ್ಟನ್ನು ಪಾನಾದಲ್ಲಿ ಅಲುಗದಂತೆ ಹಿಡಿಯಲಿ, ಇನ್ನೊಬ್ಬರು ಕ್ಯಾಮ್ ಪುಲ್ಲಿಯನ್ನು ಕೈಯಿಂದ ಹಿಂದೆಮುಂದೆ ಅಲುಗಿಸಲಿ. ಗೆರೆ ಮುರಿಯದೆ ಬೋಲ್ಟು, ಪುಲ್ಲಿ ಒಟ್ಟಿಗೇ ಅಲುಗಿದರೆ ಬೆಲ್ಟಿನ ಸಡಿಲು. ಬೋಲ್ಟು ನಿಂತಲ್ಲೇ ನಿಂತು ಪುಲ್ಲಿ ಮಾತ್ರ ಜರುಗಿ ಗೆರೆ ಎರಡಾದರೆ ನಿಮ್ಮ ಟಕ್‌ಟಕ್ ಸಿಕ್ಕಿತು. ಕ್ರ್ಯಾಂಕನ್ನು ಒಂದಿಷ್ಟು ತಿರುಗಿಸಿ ಎರಡು ಮೂರು ಜಾಗದಲ್ಲಿ ಹೀಗೆ ನೋಡಬೇಕು. ಯಾವುದಾದರೂ ವಾಲ್ವನ್ನು ಕ್ಯಾಮ್ ಅರ್ಧ ಒತ್ತಿ ನಿಂತಿರುವ ಜಾಗದಲ್ಲಿ ಸ್ಪ್ರಿಂಗಿನ ಬಿಗಿಗೆ ಸಡಿಲು ಮುಚ್ಚಿಹೋಗುತ್ತದೆ.

ಇಲ್ಲಿ ನಿಮ್ಮ ಮಾಮಾ, 'ಇಷ್ಟ ಏನ? ಒಂದ್ ಸುತ್ತು ಬಿಗಿ ಮಾಡಿಬಿಡತೇನಿ' ಅನ್ನುತ್ತಾನೆ. ಒಪ್ಪಬೇಡಿ. ಒಮ್ಮೆ ಸಡಿಲಾಗಿ ಓಡಿದ ಪುಲ್ಲಿಯನ್ನು ಬಿಚ್ಚದೆ ಬಿಗಿ ಮಾಡಿದರೆ ಸಪ್ಪಳ ಕೆಲವು ದಿನ ಅಡಗುತ್ತದೆ, ಸವೆದ ಕೀ ಒಳಗೇ ಇರುತ್ತದೆ. ಅದು ಕತ್ತರಿಸಿ ಹೋದ ದಿನ ಟೈಮಿಂಗ್ ಪೂರಾ ತಪ್ಪುತ್ತದೆ. ಕೆಲವು ಇಂಜಿನ್‌ಗಳಲ್ಲಿ ಆಗ ಪಿಸ್ಟನ್ ಬಂದು ತೆರೆದ ವಾಲ್ವಿಗೆ ಬಡಿಯುತ್ತದೆ. ಬಡಿಯದ ಇಂಜಿನ್ನಾದರೂ ಗಾಡಿ ನಡುರಸ್ತೆಯಲ್ಲಿ ನಿಲ್ಲುವುದಂತೂ ನಿಲ್ಲುತ್ತದೆ.

ಹಾಗಾಗಿ ಕ್ರ್ಯಾಂಕಿನ ಗುರುತು, ಕ್ಯಾಮಿನ ಗುರುತು ಕೂಡಿಸಿ, ಬೆಲ್ಟು ಇಳಿಸಿ, ಪುಲ್ಲಿ ಬಿಚ್ಚಿಸಿ. ಬಿಚ್ಚುವಾಗ ಪುಲ್ಲಿಯನ್ನು ಹಿಡಿಯಲು ಹೋಲ್ಡರ್ ಬೇಕು. ಪುಲ್ಲಿಯ ತೂತಿಗೆ ರಾಡು ತೂರಿ ಹೆಡ್ಡಿಗೆ ಆನಿಸಿ ತಿರುವುವ ಅಭ್ಯಾಸ ನಮ್ಮ ಕಡೆ ಬಹಳ. ಹೆಡ್ಡು ಅಲ್ಯೂಮಿನಿಯಮ್ಮಿನದು, ಚೂರು ಮುರಿದರೆ ಹೋದದ್ದೇ. ಬೆಲ್ಟನ್ನೇ ಬ್ರೇಕಿನಂತೆ ಬಳಸಿ ಬೋಲ್ಟು ಬಿಗಿ ಮಾಡುವುದು ಅದಕ್ಕಿಂತ ಕೆಟ್ಟದ್ದು, ಬೆಲ್ಟಿನ ಒಳಗಿನ ನೂಲಿಗೆ ಏಟು ಬೀಳುತ್ತದೆ.

ಪುಲ್ಲಿ ಕೈಗೆ ಬಂದ ಮೇಲೆ ನಿಮ್ಮ ಖರ್ಚು ತೀರ್ಮಾನವಾಗುವುದು ಶಾಫ್ಟಿನ ತುದಿ ನೋಡಿ. ಕೀ ಮಾತ್ರ ಸವೆದಿದ್ದರೆ ಹೊಸ ಕೀ. ಪುಲ್ಲಿಯ ತೂತು ಅಗಲವಾಗಿದ್ದರೆ ಪುಲ್ಲಿಯೂ ಹೊಸದು. ಗುಜರಿಯಿಂದ ತಂದದ್ದಾದರೆ ಅದರ ತೂತನ್ನೂ ಇಷ್ಟೇ ಅನುಮಾನದಿಂದ ನೋಡಿ. ಶಾಫ್ಟಿನಲ್ಲಿ ಕೀ ಕೂರುವ ಜಾಗವೇ ಕಿತ್ತುಹೋಗಿದ್ದರೆ ಕ್ಯಾಮ್‌ಶಾಫ್ಟನ್ನೇ ಬದಲಿಸಬೇಕು. ಆಗ ಯಾರಾದರೂ 'ವೆಲ್ಡಿಂಗ್ ಹೊಡೆದುಬಿಡೋಣ' ಅಂದರೆ ಕೈಮುಗಿದು ಬನ್ನಿ. ಕ್ಯಾಮ್‌ಶಾಫ್ಟ್ ಸಾಮಾನ್ಯವಾಗಿ ಎರಕದ ಕಬ್ಬಿಣ, ಆ ಕಾವಿಗೆ ಬಿರಿಯಬಹುದು, ಬಾಗಬಹುದು. ಮುಂದೆ ಪುಲ್ಲಿ ಬಿಚ್ಚುವ ದಾರಿಯೂ ಮುಚ್ಚುತ್ತದೆ.

ಬೋಲ್ಟು, ವಾಷರು ಹೊಸವು ಹಾಕಿಸಿ, ಅವು ದುಬಾರಿಯಲ್ಲ. ಶಾಫ್ಟಿನ ಮೂತಿ, ಪುಲ್ಲಿಯ ಮುಖ ಎರಡರ ಮೇಲೂ ಆಯಿಲ್ ಇರಬಾರದು. ಸೀಲು ಮತ್ತೆ ಸೋರುತ್ತಿದ್ದರೆ ಈಗಲೇ ಬದಲಿಸಿ. ಕೊನೆಯ ಬಿಗಿ ಟಾರ್ಕ್ ಪಾನಾದಿಂದಲೇ ಆಗಬೇಕು, ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ಲಿನಲ್ಲಿರುವ ಅಳತೆಗೆ. 'ಕೈಯಂದಾಜು' ಅಂದರೆ ಒಪ್ಪಬೇಡಿ. ಆರು ತಿಂಗಳ ಹಿಂದೆ ನಡೆದದ್ದೂ ಬಹುಶಃ ಅದೇ. ಬೆಲ್ಟು ಏರಿಸಿದ ಮೇಲೆ ಕ್ರ್ಯಾಂಕನ್ನು ಇಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದವೆಯೇ ನೋಡಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ಸ್ಟಾರ್ಟ್ ಮಾಡಿ ಇಗ್ನಿಷನ್ ಟೈಮಿಂಗ್ ಹೊಂದಿಸಿ, ಮೂರೂ ಸಿಲಿಂಡರಿನ ಕಂಪ್ರೆಷನ್ ನೋಡಿಸಿ. ಒಂದರಲ್ಲಿ ಮಾತ್ರ ಬಹಳ ಕಡಿಮೆ ಬಂದರೆ ವಾಲ್ವು ಬಾಗಿರಬಹುದು, ಆಗ ಹೆಡ್ಡು ಇಳಿಸುವ ಮಾತು.

ಭಾರತ ಹುಣ್ಣಿಮೆಯ ಬಗ್ಗೆ ಒಂದು ಮಾತು. ಮನೆಯವರನ್ನು ಕರೆದೊಯ್ಯುವುದಾದರೆ ಸರಿ. ಬಾಡಿಗೆಗೆ ಎಂದಾದರೆ, ನಿಮ್ಮದು ಬಿಳಿ ನಂಬರ್ ಪ್ಲೇಟಿನ ಗಾಡಿಯಾಗಿದ್ದರೆ ಇನ್ಶೂರೆನ್ಸ್ ಅದಕ್ಕೆ ಒದಗುವುದಿಲ್ಲ. ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಬಾಡಿಗೆ ಬೇಡ.

ಈಗ ಮಾಮಾ. ಬೇರೆ ಗ್ಯಾರೇಜಿಗೆ ಕದ್ದು ಹೋಗಬೇಡಿ, ಸವದತ್ತಿಯಂಥ ಊರಿನಲ್ಲಿ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ಅವನಲ್ಲಿಗೇ ಎಳೆಸಿಕೊಂಡು ಹೋಗಿ. 'ನೀ ಹಾಕಿದ್ದು ಸಡಿಲಾಗೇತಿ' ಎಂದು ಶುರು ಮಾಡಬೇಡಿ. 'ಮಾಮಾ, ಹಾಫ್ ಇಂಜಿನ್ ಮಾಡಬೇಕಂತ ಬೈಲಹೊಂಗಲದವ್ರು ಹೇಳ್ಯಾರ, ಅದರಕಿಂತ ಮೊದಲ ನೀನ ಒಮ್ಮೆ ಕವರ್ ತಗದು ನೋಡು' ಅನ್ನಿ. ಬಿಳಿ ಗೆರೆ ಎಳೆಯಲು ಅವನ ಕೈಗೇ ಬ್ರಷ್ ಕೊಡಿ. ಗೆರೆ ಎರಡಾದದ್ದನ್ನು ಅವನೇ ಕಂಡರೆ ನೀವು ಹೇಳಬೇಕಾದ್ದು ಏನೂ ಉಳಿಯುವುದಿಲ್ಲ. ಟಾರ್ಕ್ ಪಾನಾ ಅವನ ಹತ್ತಿರ ಇಲ್ಲದಿದ್ದರೆ ಧಾರವಾಡದಿಂದ ನೀವೇ ಒಂದು ತಂದುಕೊಡಿ, ಸೋದರಳಿಯ ತಂದದ್ದನ್ನು ಬೇಡ ಅನ್ನುವವನಂತೆ ಕಾಣುವುದಿಲ್ಲ. ಒಂದು ವೇಳೆ ಕವರ್ ತೆಗೆಯಲೂ ಒಪ್ಪದಿದ್ದರೆ ಆಗ ಬೇರೆ ಗ್ಯಾರೇಜು ಹುಡುಕಿ, ಅವನಿಗೆ ತಿಳಿಸಿಯೇ ಹೋಗಿ. ಕೆಲಸ ಯಾರೇ ಮಾಡಲಿ, ಬೋಲ್ಟು ಬಿಗಿಯಾದ ಮೇಲೆ ಹೊಸದಾಗಿ ಬಿಳಿ ಗೆರೆ ಎಳೆಸಿ; ಐನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಕವರ್ ತೆಗೆಸಿ, ಆ ಗೆರೆ ನೆಟ್ಟಗಿದೆಯೇ ನೋಡಿಸಿ.