ಮೀಟರ್ ತೋರಿಸದ ಬಿಸಿ: ಲೋಡ್ ಪಿಕಪ್‌ನ ಗೇರ್‌ಬಾಕ್ಸ್ ಕಾವು ಅಳೆಯೋದು ಹೇಗೆ?

ಟೊಮೆಟೊ ಕಟಾವು ಜೋರಾಗಿದ್ದಾಗ ಪಿಕಪ್ ದಾರಿಯಲ್ಲಿ ನಿಂತರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಮೆಕ್ಯಾನಿಕ್ ಖರ್ಚು ಒಂದು ಕಡೆ, ಹರಾಜಿಗೆ ತಲುಪದ ಮಾಲು ಇನ್ನೊಂದು ಕಡೆ, ಗಾಡಿಯ ಕಂತು ಮತ್ತೊಂದು ಕಡೆ. ಎಂಜಿನ್ ಬಿಸಿಯಾದರೆ ಡ್ಯಾಶ್‌ಬೋರ್ಡ್ ಮೀಟರ್ ಎಚ್ಚರಿಸುತ್ತದೆ. ಆದರೆ ಗೇರ್‌ಬಾಕ್ಸ್ ಬಿಸಿಯಾದರೆ? ಈ ವಾರ ಅದನ್ನೇ ನೋಡೋಣ.

ಮುಳ್ಳು ತೋರಿಸೋದು ಯಾವ ಬಿಸಿ?

ಡ್ಯಾಶ್‌ಬೋರ್ಡ್‌ನ ಟೆಂಪರೇಚರ್ ಮುಳ್ಳು ತೋರಿಸುವುದು ಎಂಜಿನ್‌ನ ಕೂಲೆಂಟ್ ಬಿಸಿ ಮಾತ್ರ. ನಮ್ಮ ಹಳ್ಳಿಗಳಲ್ಲಿ ಓಡುವ ಪಿಕಪ್‌ಗಳಲ್ಲಿ ಹೆಚ್ಚಿನವು ಕೈಗೇರಿನವು. ಇವುಗಳ ಗೇರ್‌ಬಾಕ್ಸ್‌ಗೆ ಸಾಮಾನ್ಯವಾಗಿ ಮೀಟರೂ ಇರಲ್ಲ, ಸೆನ್ಸರೂ ಇರಲ್ಲ. ಎಂಜಿನ್‌ಗೆ ರೇಡಿಯೇಟರ್, ಫ್ಯಾನ್ ಇವೆ. ಗೇರ್‌ಬಾಕ್ಸ್‌ಗೆ ಇರುವುದು ಒಳಗಿನ ಒಂದೆರಡು ಲೀಟರ್ ಆಯಿಲ್ ಮತ್ತು ಹೊರಗೆ ಬೀಸುವ ಗಾಳಿ, ಅಷ್ಟೇ.

ಗುಂಡ್ಯದಿಂದ ಶಿರಾಡಿ ಘಾಟ್ ಹತ್ತಿ ಸಕಲೇಶಪುರದ ಕಡೆ ಲೋಡ್ ತರುವುದನ್ನೇ ತೆಗೆದುಕೊಳ್ಳಿ. ಎರಡನೇ, ಮೂರನೇ ಗೇರ್‌ನಲ್ಲಿ ನಿಧಾನಕ್ಕೆ ಹತ್ತುವಾಗ ಹಲ್ಲುಗಳ ಮೇಲೆ ಒತ್ತಡ ಜಾಸ್ತಿ, ಬೀಸುವ ಗಾಳಿ ಕಡಿಮೆ. ಮುಂದೆ ಲಾರಿ ಸಾಲು ನಿಂತಿದ್ದರೆ ಹಾಫ್ ಕ್ಲಚ್‌ನ ಬಿಸಿಯೂ ಸೇರುತ್ತದೆ. ಎಂಜಿನ್ ಮುಳ್ಳು ಮಧ್ಯದಲ್ಲೇ ಇದ್ದರೂ ಗೇರ್‌ಬಾಕ್ಸ್ ಕಾಯ್ತಾ ಇರಬಹುದು.

ಬಿಸಿ ಹೆಚ್ಚಾದಂತೆ ಆಯಿಲ್ ತೆಳುವಾಗುತ್ತದೆ, ಹಲ್ಲುಗಳ ನಡುವಿನ ಆಯಿಲ್ ಪದರ ಹರಿಯುತ್ತದೆ. ಲೋಹ ಲೋಹಕ್ಕೆ ಉಜ್ಜಿ ಮತ್ತಷ್ಟು ಬಿಸಿ. ರಬ್ಬರ್ ಸೀಲ್ ಗಟ್ಟಿಯಾಗಿ ಸೋರಲು ಶುರುವಾಗುತ್ತದೆ. ಸೋರಿದಷ್ಟೂ ಆಯಿಲ್ ಕಡಿಮೆ, ಆಯಿಲ್ ಕಡಿಮೆಯಾದಷ್ಟೂ ಬಿಸಿ ಜಾಸ್ತಿ. ಇದು ಒಂದೇ ದಿನದಲ್ಲಿ ಆಗೋದಲ್ಲ. ಹಾಗಾಗಿಯೇ ಮೊದಲೇ ಹಿಡಿಯಬಹುದು.

ಅಳೆಯೋದು ಹೇಗೆ?

ಬೇಕಾಗಿರೋದು ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್. ಜ್ವರ ನೋಡುವ ಗನ್ ಬೇಡ, ಅದರ ಅಳತೆ ಮೈ ಬಿಸಿಗಷ್ಟೇ ಸೀಮಿತ. ಯಂತ್ರಗಳಿಗೆ ಬಳಸುವ, 300 ಡಿಗ್ರಿವರೆಗಾದರೂ ತೋರಿಸುವ ಗನ್ ಕೇಳಿ ತೆಗೆದುಕೊಳ್ಳಿ. ಮೊಬೈಲ್ ಕ್ಯಾಮೆರಾದಿಂದಲೇ ಬಿಸಿ ಅಳೀತೀವಿ ಅನ್ನೋ ಆಪ್‌ಗಳನ್ನು ನಂಬಬೇಡಿ. ಥರ್ಮಲ್ ಸೆನ್ಸರ್ ಇಲ್ಲದ ಫೋನ್‌ಗೆ ಅದು ಸಾಧ್ಯವಿಲ್ಲ.

1. ಗೇರ್‌ಬಾಕ್ಸ್‌ನ ಪಕ್ಕ, ಕೆಳಭಾಗದಲ್ಲಿ ಅಂಗೈಯಷ್ಟು ಜಾಗ ಒರೆಸಿ, ಸೈಲೆನ್ಸರ್‌ಗೆ ಹೊಡೆಯುವ ಮ್ಯಾಟ್ ಕಪ್ಪು ಪೇಂಟ್ ಬಳಿಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಗನ್ ತಪ್ಪು ಓದುತ್ತದೆ, ಬಹುತೇಕ ಕಡಿಮೆಯೇ ತೋರಿಸುತ್ತದೆ. ಹಿಂದಿನ ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಗುಂಡಿಗೂ ಹೀಗೇ ಗುರುತು ಮಾಡಿ.

2. ಪ್ರತಿ ಸಲ ಒಂದೇ ಮಾರ್ಗ, ಒಂದೇ ಜಾಗ. ಗಾಡಿ ನಿಲ್ಲಿಸಿದ 2–3 ನಿಮಿಷದೊಳಗೆ ಅಳೆಯಿರಿ.

3. ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಎಂಜಿನ್ ಆಫ್, ಚಕ್ರಕ್ಕೆ ಕಲ್ಲು. ಗಾಡಿ ಕೆಳಗೆ ನುಗ್ಗಬೇಡಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗುರಿ ಇಡಿ.

4. ಗನ್ ಹತ್ತಿರ ಹಿಡಿಯಿರಿ. ಕೆಂಪು ಚುಕ್ಕೆ ಗುರಿಗೆ ಮಾತ್ರ, ಅದು ಅಳೆಯುವ ವೃತ್ತ ಇನ್ನೂ ದೊಡ್ಡದು. 12:1 ಅಂತ ಬರೆದಿರುವ ಗನ್ 60 ಸೆಂ.ಮೀ. ದೂರದಿಂದ 5 ಸೆಂ.ಮೀ. ಅಗಲದ ಜಾಗ ಓದುತ್ತದೆ. ಪಕ್ಕದ ಸೈಲೆನ್ಸರ್ ಪೈಪ್ ಆ ವೃತ್ತಕ್ಕೆ ಸಿಕ್ಕಿದರೆ ಲೆಕ್ಕ ಕೆಡುತ್ತೆ.

5. ಹಾಗೇ ನಾಲ್ಕೂ ಚಕ್ರದ ಹಬ್ ಅಳೆಯಿರಿ. ಎಡ–ಬಲ ಸುಮಾರು ಸಮ ಇರಬೇಕು. ಒಂದೇ ಕಡೆ ತುಂಬಾ ಬಿಸಿ ಇದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಹೋಗ್ತಿದೆ ಅಂತ ಅರ್ಥ.

ಬರೀ ನಂಬರ್ ನೋಡಬೇಡಿ, ಏರಿಕೆ ನೋಡಿ

ತುಂಬಾ ಜನ ಎಡವೋದು ಇಲ್ಲೇ. ಗೇರ್‌ಬಾಕ್ಸ್ ಬಿಸಿಯಿಂದ ಆ ದಿನದ ಹೊರಗಿನ ಬಿಸಿ ಕಳೆಯಿರಿ. ಉಳಿದದ್ದೇ ಏರಿಕೆ. ಒಂದು ಉದಾಹರಣೆ:

ಏಪ್ರಿಲ್‌ನಲ್ಲಿ ಹೊರಗೆ 35 ಡಿಗ್ರಿ, ಗೇರ್‌ಬಾಕ್ಸ್ 72. ಏರಿಕೆ 37.
ಡಿಸೆಂಬರ್‌ನಲ್ಲಿ ಹೊರಗೆ 20 ಡಿಗ್ರಿ, ಗೇರ್‌ಬಾಕ್ಸ್ 70. ಏರಿಕೆ 50.

ನಂಬರ್ ಮಾತ್ರ ನೋಡಿದರೆ ಡಿಸೆಂಬರ್‌ನಲ್ಲಿ 2 ಡಿಗ್ರಿ ತಂಪು. ಆದರೆ ಅದೇ ರೋಡು, ಅದೇ ಲೋಡಿಗೆ ಏರಿಕೆ 13 ಡಿಗ್ರಿ ಜಾಸ್ತಿ. ಅಂದ್ರೆ ಒಳಗೆ ಏನೋ ಬದಲಾಗಿದೆ: ಆಯಿಲ್ ಇಳಿದಿರಬಹುದು, ಕ್ಲಚ್ ಜಾರುತ್ತಿರಬಹುದು, ಬೇರಿಂಗ್ ಸವೆದಿರಬಹುದು.

ಹಾಗಾಗಿ ಗಾಡಿ ಚೆನ್ನಾಗಿರುವಾಗಲೇ ನಾಲ್ಕೈದು ಟ್ರಿಪ್ ಅಳೆದು ಫೋನ್‌ನ ನೋಟ್ಸ್‌ನಲ್ಲಿ ಬರೆದಿಡಿ: ದಿನಾಂಕ, ಕಿಲೋಮೀಟರ್, ಲೋಡ್, ಹೊರಗಿನ ಬಿಸಿ, ಗೇರ್‌ಬಾಕ್ಸ್, ಡಿಫರೆನ್ಷಿಯಲ್. ಅದೇ ನಿಮ್ಮ ಗಾಡಿಯ ನಾರ್ಮಲ್. ಪಕ್ಕದ ಮನೆಯವರ ಗಾಡಿಯ ಲೆಕ್ಕ ನಿಮಗೆ ಬೇಡ. ಏರಿಕೆ ನಾರ್ಮಲ್‌ಗಿಂತ 10–15 ಡಿಗ್ರಿ ಹೆಚ್ಚಾಗಿ, ಎರಡು ಮೂರು ಟ್ರಿಪ್ ಹಾಗೇ ಬಂದರೆ ಆಯಿಲ್ ನೋಡಿಸಿ. ಹೊರಮೈಯೇ 100 ಡಿಗ್ರಿ ದಾಟಿದರೆ ಒಳಗಿನ ಆಯಿಲ್ ಇನ್ನೂ ಬಿಸಿ ಇರುತ್ತದೆ. ಗಾಡಿ ತಣಿಸಿ, ಮುಂದಿನ ಲೋಡ್‌ಗೆ ಮುಂಚೆ ಮೆಕ್ಯಾನಿಕ್‌ಗೆ ತೋರಿಸಿ.

ಏರಿಕೆ ಜಾಸ್ತಿ ಬಂತು, ಈಗೇನು?

ಮೊದಲು ಆಯಿಲ್ ಮಟ್ಟ. ಸಮತಟ್ಟು ಜಾಗದಲ್ಲಿ, ಗೇರ್‌ಬಾಕ್ಸ್ ಸ್ವಲ್ಪ ತಣಿದ ಮೇಲೆ ಪಕ್ಕದ ಫಿಲ್ಲರ್ ಪ್ಲಗ್ ಬಿಚ್ಚಿಸಿ. ಸಾಮಾನ್ಯವಾಗಿ ಆಯಿಲ್ ಆ ತೂತಿನ ಕೆಳ ಅಂಚಿನವರೆಗೆ ಇರಬೇಕು.

ಆಮೇಲೆ ಬಣ್ಣ, ವಾಸನೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆಯಿಲ್ ಮುಗೀತು. ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ, ಹಳ್ಳ ದಾಟಿದ ಗಾಡಿಗಳಲ್ಲಿ ಇದು ಕಾಣಿಸುತ್ತದೆ. ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಗಾಬರಿ ಬೇಡ. ಚೂರುಗಳು ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಹೋಗ್ತಿದೆ. ಆಯಿಲ್‌ನಲ್ಲಿ ಹಿತ್ತಾಳೆ ಬಣ್ಣದ ಮಿಂಚು ಕಂಡರೆ ಸಿಂಕ್ರೊ ರಿಂಗ್ ಸವೆಯುತ್ತಿದೆ.

ಬ್ರೀದರ್ ಮರೀಬೇಡಿ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುವ ಪುಟ್ಟ ದಾರಿ ಅದು. ಗದ್ದೆ ಕೆಸರು ಮೆತ್ತಿ ಮುಚ್ಚಿದರೆ ಒತ್ತಡ ಕಟ್ಟಿ ಸೀಲ್‌ನಿಂದ ಆಯಿಲ್ ಹೊರಬರುತ್ತದೆ. ಗಾಡಿ ತೊಳೆಸುವಾಗ ಅದನ್ನೂ ಕ್ಲೀನ್ ಮಾಡಿಸಿ.

ಆಯಿಲ್ ಬದಲಿಸುವಾಗ ಅಂಗಡಿಯವರು ಕೊಟ್ಟಿದ್ದನ್ನು ಹಾಕಿಸಬೇಡಿ, ಗಾಡಿ ಪುಸ್ತಕದಲ್ಲಿರುವ ಗ್ರೇಡನ್ನೇ ಕೇಳಿ. ಜಿಎಲ್-4 ಮತ್ತು ಜಿಎಲ್-5 ಎರಡೂ 80ಡಬ್ಲ್ಯೂ-90 ಆಗಿರಬಹುದು, ಆದರೆ ಎರಡೂ ಒಂದೇ ಅಲ್ಲ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಹಾಕುವುದು ಜಿಎಲ್-5. ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ ಅದನ್ನು ಹಾಕಿದರೆ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಪೆಟ್ಟಾಗಬಹುದು.

ಕೊನೆಗೆ ಲೋಡ್. 1,300 ಕೆ.ಜಿ. ಪಾಸಿಂಗ್ ಇರುವ ಪಿಕಪ್ ಅಂತಿಟ್ಟುಕೊಳ್ಳಿ. 15 ಕೆ.ಜಿ. ಹಣ್ಣು, 2 ಕೆ.ಜಿ. ಕ್ರೇಟ್ ಅಂದರೆ ಒಂದು ಬಾಕ್ಸ್‌ಗೆ 17 ಕೆ.ಜಿ. ಲೆಕ್ಕ ಹಾಕಿ, 76 ಬಾಕ್ಸ್‌ಗೆ ಮಿತಿ ಮುಗೀತು. 100 ಬಾಕ್ಸ್ ಹಾಕಿದರೆ 400 ಕೆ.ಜಿ. ಹೆಚ್ಚುವರಿ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ಅಂತಿದೆ. ದಂಡ ತಪ್ಪಿಸಿಕೊಂಡರೂ ಗೇರ್‌ಬಾಕ್ಸ್ ಲೆಕ್ಕ ಬಿಡಲ್ಲ.

ಆಟೋಮ್ಯಾಟಿಕ್ ಪಿಕಪ್ ಇದ್ದರೆ

ಹೈಲಕ್ಸ್, ವಿ-ಕ್ರಾಸ್‌ನಂಥ ಗಾಡಿಗಳ ಆಟೋಮ್ಯಾಟಿಕ್ ಮಾದರಿಗಳಲ್ಲಿ ಕಥೆ ಬೇರೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಳಗೇ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ. ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ ಬ್ಲೂಟೂತ್ ಅಡಾಪ್ಟರ್ ಹಾಕಿದರೆ ಫೋನ್‌ನಲ್ಲೇ ನೋಡಬಹುದು. ಆದರೆ ಆಪ್ ನಿಮ್ಮ ಮಾಡೆಲ್‌ನ ಟ್ರಾನ್ಸ್‌ಮಿಷನ್ ಬಿಸಿ ಓದುತ್ತದಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಎಷ್ಟೋ ಆಪ್‌ಗಳು ತೋರಿಸೋದು ಕೂಲೆಂಟ್ ಬಿಸಿ ಮಾತ್ರ.

ಇವುಗಳಲ್ಲಿ ಆಯಿಲ್ ಸುಮಾರು 80–95 ಡಿಗ್ರಿ ಇದ್ದರೆ ಆರಾಮ. ಘಾಟ್‌ನಲ್ಲಿ 110ರ ಹತ್ತಿರ ಹೋದರೆ ವೇಗ ಇಳಿಸಿ, ಕೆಳಗಿನ ಗೇರ್‌ಗೆ ಬನ್ನಿ. 120 ದಾಟಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಕೂಲೆಂಟ್ ಮುಳ್ಳು ಸರಿ ಇದ್ದರೆ ತಕ್ಷಣ ಎಂಜಿನ್ ಆಫ್ ಮಾಡಬೇಡಿ. ಪಾರ್ಕ್‌ನಲ್ಲಿ ಹಾಕಿ ಕೆಲ ನಿಮಿಷ ಓಡಲು ಬಿಡಿ, ಆಗ ಪಂಪ್ ಆಯಿಲ್ಲನ್ನು ಕೂಲರ್‌ಗೆ ಕಳಿಸುತ್ತಾ ಇರುತ್ತದೆ. ಓಡಿಸುವಾಗ ಫೋನ್ ನೋಡಬೇಡಿ, ಆಪ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ಗಾಡಿ ಕೆಲವು ದಿನ ನಿಲ್ಲುವುದಾದರೆ ಅಡಾಪ್ಟರ್ ತೆಗೆದಿಡಿ, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ.

ಈ ವಾರದ ಕೆಲಸ

ಗಾಡಿ ಪುಸ್ತಕದಲ್ಲಿ ಗೇರ್ ಆಯಿಲ್ ಗ್ರೇಡ್ ಹುಡುಕಿ ಫೋಟೊ ತೆಗೆದಿಡಿ. ಕಪ್ಪು ಗುರುತು ಹಾಕಿ. ಮುಂದಿನ ಲೋಡ್ ಇಳಿಸಲು ನಿಂತಾಗ ಮೊದಲ ಅಳತೆ ಬರೆದುಕೊಳ್ಳಿ. ಗನ್ ಕೊಳ್ಳೋದು ಭಾರ ಅನಿಸಿದರೆ ನಾಲ್ಕು ಜನ ಸೇರಿ ಒಂದು ತೆಗೆದುಕೊಳ್ಳಿ. ಟ್ರ್ಯಾಕ್ಟರ್ ಹಬ್‌ಗೂ, ಬೋರ್ ಸ್ಟಾರ್ಟರ್ ಬಾಕ್ಸ್‌ಗೂ ಅದೇ ಗನ್ ಆಗುತ್ತೆ. ತಿಂಗಳಿಗೆ ನಾಲ್ಕು ಸಾಲು ಬರೆದಿಟ್ಟರೆ, ಗೇರ್‌ಬಾಕ್ಸ್ ಕೆಡುವ ಮುಂಚೆಯೇ ಆ ಸಾಲುಗಳಲ್ಲಿ ಸುಳಿವು ಸಿಗುತ್ತದೆ.